ನನ್ನ ಗೃಹಸಾಲಕ್ಕೆ ಜಾಮೀನು ನಿಂತ ಹೋತ

ಬಡ್ಡಿಯ ವಿಷಯದಲ್ಲಿ ನನಗೆ ಟೋಪಿ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ನಂಬಿಕೆ ಸುಳ್ಳಾಗಲಿಲ್ಲ. ಬೇರೆ ಯಾರೂ ಹುಟ್ಟಬೇಕಾಗಲೇ ಇಲ್ಲ. ಟೋಪಿಯನ್ನು ನಾನೇ ಹೊಲಿದು, ನಾನೇ ಅಳತೆ ನೋಡಿ, ನಾನೇ ಹಾಕಿಕೊಂಡೆ. ಹಾಕಿಕೊಂಡ ಮೇಲೆ ಊರೆಲ್ಲ ಸುತ್ತಿ ‘ಹೇಗಿದೆ?’ ಎಂದು ಕೇಳಿಯೂ ಬಂದೆ!

ನಾನು ತುಮಕೂರಿನ ಕಡೆಯವನು. ತಮಿಳು ಸೀಮೆಯ ಶರವಣಂಪಟ್ಟಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಯಾವ ಪಾಠ ಎಂದು ದಯವಿಟ್ಟು ಕೇಳಬೇಡಿ. ಕೇಳಿಯೇ ಬಿಟ್ಟಿರಾ? ಗಣಿತ.

ಹೆಂಡತಿ ಕೋಮಲಾ ಅಲ್ಲಿಗೆ ಹತ್ತಿರದ ತೊಂಡಾಮುತ್ತೂರಿನವಳು. ಎಷ್ಟೋ ತಲೆಮಾರಿನ ಹಿಂದೆ ಬಂದು ಅಲ್ಲಿ ಬೇರುಬಿಟ್ಟ ಕನ್ನಡದ ಬೇಸಾಯಗಾರರ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಜಗಳಕ್ಕೆ ಎರಡೂ. ಕೋಮಲಾ ತಿರುಪ್ಪೂರಿನ ಬನಿಯನ್ ಕಂಪನಿಯೊಂದರ ಆಫೀಸಿನಲ್ಲಿದ್ದಾಳೆ. ಮಾವ ರಂಗಸಾಮಿಯವರಿಗೆ ಬಾಳೆ, ಕರಿಬೇವಿನ ತೋಟ. ಅತ್ತೆ ಪಳನಿಯಮ್ಮನವರು ಹೆಚ್ಚು ಮಾತಾಡುವವರಲ್ಲ. ಮಾವ ಮಾತು ನಿಲ್ಲಿಸಿದರೆ ತಾನೇ ಅವರಿಗೆ ಸರದಿ ಸಿಗುವುದು!

ಮಾವನವರ ಮಾತೆಲ್ಲ ಸುತ್ತಿ ಸುತ್ತಿ ಕೊನೆಗೆ ಬಂದು ನಿಲ್ಲುವುದು ಒಂದೇ ಕಡೆ: ಅವರು ಮನೆ ಕಟ್ಟಿದಾಗ ಇದ್ದ ಬಡ್ಡಿ. ಅವರ ಬಾಯಲ್ಲಿ ಅದು ‘ವಟ್ಟಿ’.

“ಮಾಪ್ಳೆ, ನಾವು ಮನೆ ಕಟ್ಟಿದಾಗ ವಟ್ಟಿ ಎಷ್ಟು ಗೊತ್ತಾ? ಹದಿನಾಲ್ಕು ಪರ್ಸೆಂಟ್! ಒಬ್ಬನೇ ನಿಂತು ಕಟ್ಟಿ ತೀರಿಸಿದೆ!” ಎಂದು ನನ್ನನ್ನು ಹೆಣ್ಣು ನೋಡಲು ಕೂರಿಸಿದ ದಿನವೇ ಹೇಳಿದ್ದರು. ಅಲ್ಲಿ ಅಳಿಯನನ್ನು ಮಾಪ್ಳೆ ಎನ್ನುತ್ತಾರೆ. ಆಗಿನ್ನೂ ನಾನು ಆಗಿರಲಿಲ್ಲ, ಆದರೂ ಅಂದರು. ನಿಶ್ಚಿತಾರ್ಥದ ಊಟದಲ್ಲಿ ಅದು ಹದಿನೈದಾಯಿತು. ಮದುವೆಯಾದ ಮೇಲೆ ಹದಿನಾರು. ಮಗಳಿಗೆ ಕೆಲಸ ಸಿಕ್ಕ ಸಂತೋಷಕ್ಕೆ ಹದಿನೇಳೂವರೆ. ನಾವು ಮನೆ ಕೊಳ್ಳುವ ಹೊತ್ತಿಗೆ ಹದಿನೆಂಟು ಮುಟ್ಟಿತ್ತು. ರಿಸರ್ವ್ ಬ್ಯಾಂಕಿನ ಹಂಗೇ ಇಲ್ಲದೆ ಏರುತ್ತಿದ್ದ ಆ ದರವನ್ನು ನೋಡಿ ನಾನು ಕೋಮಲಾಳ ಕಿವಿಯಲ್ಲಿ, “ನಿಮ್ಮಪ್ಪನ ಬಡ್ಡಿ ಫ್ಲೋಟಿಂಗು” ಎಂದಿದ್ದೆ. ಅವಳು ನಗಲಿಲ್ಲ. ತವರಿನ ವಿಷಯದಲ್ಲಿ ನಾನು ಹೇಳಿದ ಯಾವ ಜೋಕಿಗೂ ಅವಳು ನಕ್ಕ ದಾಖಲೆಯಿಲ್ಲ.

ನಾವು ಶರವಣಂಪಟ್ಟಿಯಲ್ಲಿ ಎರಡು ಬೆಡ್‌ರೂಮಿನ ಫ್ಲಾಟು ಕೊಂಡಾಗ ದೇಶದಲ್ಲಿ ಬಡ್ಡಿ ನೆಲಕಚ್ಚಿತ್ತು. ಏಳಕ್ಕೂ ಕಡಿಮೆ! ಬ್ಯಾಂಕಿನವರು, “ಸ್ಥಿರ ಬಡ್ಡಿಯೋ, ಏರಿಳಿಯುವ ಬಡ್ಡಿಯೋ?” ಎಂದು ಕೇಳಿದರು. ಸ್ಥಿರದ್ದಕ್ಕೆ ಒಂದು ಚೂರು ಜಾಸ್ತಿ.

“ನಿಲ್ಲೋದನ್ನೇ ತಗೊಳ್ಳಿ ಮಾಪ್ಳೆ,” ಎಂದರು ಮಾವ. “ಏರೋದು ಇಳಿಯೋದು ಎಲ್ಲ ಮರ ಏರೋರಿಗೆ. ನಮಗ್ಯಾಕೆ?”

“ಮಾವ, ಇದು ಸಂಭವನೀಯತೆಯ ಪ್ರಶ್ನೆ,” ಎಂದೆ. ಒಂದು ಹಾಳೆ ತೆಗೆದುಕೊಂಡು ಗೆರೆ ಎಳೆದು, ಬಡ್ಡಿ ಇನ್ನೂ ಹೇಗೆ ಇಳಿಯುತ್ತದೆ ಎಂದು ತೋರಿಸಿದೆ. ಗೆರೆ ಇಳಿಯುತ್ತಾ ಇಳಿಯುತ್ತಾ ಹಾಳೆ ಮುಗಿದು ಚಾಪೆಯ ಮೇಲೆ ಹೋಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಕೋಮಲಾ, “ಏನುಂಗ, ಏರಿದರೆ?” ಎಂದಳು. ಏನ್ರೀ ಎನ್ನುವುದಕ್ಕೆ ಅವರ ಮನೆಯಲ್ಲಿ ಏನುಂಗ. ಮೇಷ್ಟ್ರು ದಡ್ಡ ಹುಡುಗಿಯನ್ನು ನೋಡುವ ಹಾಗೆ ನಾನು ಅವಳನ್ನು ನೋಡಿ, ಏರಿಳಿಯುವುದಕ್ಕೇ ಸಹಿ ಹಾಕಿದೆ. ಆ ನೋಟದ ಬಡ್ಡಿಯನ್ನು ನಾನು ಇಂದಿಗೂ ಕಟ್ಟುತ್ತಿದ್ದೇನೆ.

ರಿಜಿಸ್ಟರ್ ಆದ ದಿನ ಮಾವ ಸುಮ್ಮನಿರಲಿಲ್ಲ. ತೋಟದ ಅಂಚಿನಲ್ಲಿರುವ ತಮ್ಮ ಮನೆದೇವರು ಕರುಪ್ಪರಾಯನಿಗೆ ಕೈಮುಗಿದು, “ಸಾಮಿ, ಮಾಪ್ಳೆ ಕಡನು ಕಾಲು ಭಾಗ ತೀರಿದ ದಿನ ನಿನಗೆ ಒಂದು ಕೆಡಾ!” ಎಂದು ಹರಕೆ ಹೊತ್ತುಬಿಟ್ಟರು. ಕಡನು ಎಂದರೆ ಸಾಲ, ಕೆಡಾ ಎಂದರೆ ಗಂಡು ಮೇಕೆ, ನಮ್ಮ ಕಡೆಯ ಹೋತ. ಹೊತ್ತದ್ದಷ್ಟೇ ಅಲ್ಲ, ಮುಂದಿನ ಸಂತೆಯಲ್ಲಿ ಒಂದು ಕರಿ ಮರಿಯನ್ನು ಕೊಂಡು ತಂದು ಕಟ್ಟಿಯೂ ಬಿಟ್ಟರು. ಹರಕೆಯ ಪ್ರಾಣಿಗೆ ಹೆಸರಿಡುವ ಪದ್ಧತಿಯಿಲ್ಲ. ನಾನೇ ತಮಾಷೆಗೆ ಅದನ್ನು ‘ಜಾಮೀನು’ ಎಂದು ಕರೆದೆ. ನನ್ನ ಸಾಲಕ್ಕೆ ತಲೆ ಕೊಟ್ಟು ನಿಂತ ಜೀವ ಅದೊಂದೇ ತಾನೇ! ಹೆಸರು ಅಂಟಿಕೊಂಡಿತು.

ಸ್ವಲ್ಪ ಕಾಲ ಎಲ್ಲವೂ ಸುಖವಾಗಿತ್ತು. ಆಮೇಲೆ ಬಡ್ಡಿ ಏರತೊಡಗಿತು. ಒಂದು ಸಲ ಏರಿತು, ಯಾರೂ ಗಮನಿಸಲಿಲ್ಲ. ಮತ್ತೆ ಏರಿತು. ಮತ್ತೂ ಏರಿತು. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಮಸ್ಕಾರ ಹೇಳುವುದು ನಿಂತು, “ನಿಮ್ಮ ಇಎಂಐ ಎಷ್ಟಾಯ್ತು?” ಎಂದು ಕೇಳುವುದು ಶುರುವಾಯಿತು. ಮೇಲಿನ ಮನೆಯವರು ಕಾರು ಮಾರಿದರು. ಎದುರು ಮನೆಯ ಗುಣಶೇಖರನ್, ದಿನಾ ಬೆಳಿಗ್ಗೆ ವಾಕಿಂಗಿನಲ್ಲಿ ನನ್ನ ಜೊತೆಗಾರ, ನಡೆಯುತ್ತಾ ನಡೆಯುತ್ತಾ ನಿಟ್ಟುಸಿರು ಬಿಡತೊಡಗಿದ.

“ನಿಮ್ಮದು ಎಷ್ಟು ಏರಿತು ಸರ್?”

“ಏರಿಲ್ಲ!” ಎಂದೆ.

ಅವನು ನಡೆಯುವುದನ್ನು ನಿಲ್ಲಿಸಿದ. “ಏನು, ಏರೇ ಇಲ್ಲವಾ?”

“ಒಂದು ರೂಪಾಯಿ ಕೂಡ ಇಲ್ಲ. ಸಾಲ ತಗೊಂಡಾಗ ಎಷ್ಟಿತ್ತೋ ಇವತ್ತಿಗೂ ಅಷ್ಟೇ.”

ನಿಜವಾಗಿಯೂ ಅಷ್ಟೇ ಇತ್ತು! ಪ್ರತಿ ತಿಂಗಳು ಐದನೇ ತಾರೀಕು ಅದೇ ಮೊತ್ತ, ಅದೇ ಹೊತ್ತಿಗೆ, ಗಂಡನ ಮನೆಗೆ ಹೊಂದಿಕೊಂಡ ಸೊಸೆಯ ಹಾಗೆ ಸದ್ದಿಲ್ಲದೆ ಖಾತೆಯಿಂದ ಹೋಗುತ್ತಿತ್ತು. ಇದಕ್ಕೆ ಕಾರಣವೇನು ಎಂದು ನಾನು ಆಳವಾಗಿ ಯೋಚಿಸಿದೆ. ಗಣಿತ ಮೇಷ್ಟ್ರ ಮೇಲೆ ಬ್ಯಾಂಕಿನವರಿಗೆ ಗೌರವ ಇರಬಹುದು ಎಂಬ ತೀರ್ಮಾನಕ್ಕೆ ಬಂದೆ. ಇದಕ್ಕಿಂತ ಆಳಕ್ಕೆ ಯೋಚಿಸುವ ಅಗತ್ಯ ಕಾಣಲಿಲ್ಲ.

ಸುದ್ದಿ ಹಬ್ಬಿತು. ಅಪಾರ್ಟ್‌ಮೆಂಟ್ ಸಂಘದವರು ಭಾನುವಾರದ ಸಭೆಯಲ್ಲಿ ನನ್ನಿಂದ ಒಂದು ಭಾಷಣ ಮಾಡಿಸಿದರು. ವಿಷಯ: ‘ಬ್ಯಾಂಕನ್ನು ಆರಿಸುವುದು ಹೇಗೆ?’ ನನ್ನ ಅರೆಬೆಂದ ತಮಿಳಿನಲ್ಲಿ ಮುಕ್ಕಾಲು ಗಂಟೆ ಮಾತಾಡಿದೆ. ಕೊನೆಯಲ್ಲಿ ಶಾಲು ಹೊದಿಸಿದರು! ಆ ಶಾಲು ಈಗಲೂ ಇದೆ. ಇಸ್ತ್ರಿ ಮಾಡುವಾಗ ಮೇಜಿನ ಮೇಲೆ ಹಾಸುತ್ತೇವೆ.

ಆ ವರ್ಷ ದೀಪಾವಳಿಗೆ ಕೋಮಲಾಳಿಗೆ ಒಳ್ಳೆಯ ಬೋನಸ್ ಬಂತು. “ಏನುಂಗ, ಇದನ್ನು ಕಡನಿಗೆ ಕಟ್ಟಿಬಿಡೋಣ. ಅಸಲು ಇಳಿಯುತ್ತೆ,” ಎಂದಳು.

“ಏರದೇ ಇರುವ ಸಾಲವನ್ನು ಇಳಿಸುವುದು ಯಾಕೆ? ಬ್ಯಾಂಕಿನವರಿಗೆ ಅವಮಾನ ಮಾಡಿದ ಹಾಗೆ.”

“ವಿಚಾರಿಸಿಯಾದರೂ ನೋಡಿ.”

“ಕೋಮಲಾ, ನಾನು ಏನು ಪಾಠ ಮಾಡ್ತೀನಿ?”

ಆ ದುಡ್ಡಿನಲ್ಲಿ ನಾವು ಹಾಲ್‌ಗೆ ತೇಗದ ಉಯ್ಯಾಲೆ ತಂದೆವು. ನಾವು ಅಂದರೆ ನಾನು. ತೂಗಿದರೆ ಮುಂದೆ ಟಿವಿಗೆ ಬಡಿಯುತ್ತದೆ, ಹಿಂದೆ ಫ್ರಿಜ್ಜಿಗೆ ಬಡಿಯುತ್ತದೆ. ಆದ್ದರಿಂದ ಅದರ ಮೇಲೆ ಅಲುಗಾಡದೆ ಕೂರುವ ಅಭ್ಯಾಸ ಮಾಡಿಕೊಂಡೆ. ಮುಂದಿನ ವರ್ಷವೂ ಅವಳು ಕೇಳಿದಳು. ಮುಂದಿನ ವರ್ಷವೂ ನಾನು ಅದೇ ಪ್ರಶ್ನೆ ಹಾಕಿದೆ. ಅದರ ಮುಂದಿನ ವರ್ಷ ಅವಳು ಕೇಳಲೇ ಇಲ್ಲ. ಅದನ್ನು ನಾನು ನನ್ನ ಗೆಲುವು ಎಂದು ಎಣಿಸಿದೆ.

ಇತ್ತ ತೊಂಡಾಮುತ್ತೂರಿನಲ್ಲಿ ಜಾಮೀನು ಬೆಳೆಯುತ್ತಿತ್ತು. ಕರಿಬೇವು ತಿಂದು ತಿಂದು ಅದರ ಉಸಿರಿಗೇ ಒಗ್ಗರಣೆಯ ವಾಸನೆ ಬಂದಿತ್ತು. ಗಡ್ಡ ಬಂತು. ಕೊಂಬು ಹಿಂದಕ್ಕೆ ಬಾಗಿತು. ಮಾವನ ಟಿವಿಎಸ್ ಗಾಡಿಯ ಸೀಟನ್ನು ಎರಡು ಸಲ ತಿಂದಿತು. ಬಾಳೆಗೊನೆ ಒಯ್ಯಲು ಬಂದ ವ್ಯಾಪಾರಿಯನ್ನು ತಿವಿದು ಕಾಲುವೆಗೆ ಕೆಡವಿತು. ಹರಕೆಯ ಪ್ರಾಣಿ ಎಂದು ಯಾರೂ ಬೈಯುವ ಹಾಗಿಲ್ಲ, ಹೊಡೆಯುವ ಹಾಗಂತೂ ಇಲ್ಲವೇ ಇಲ್ಲ.

“ಮಾಪ್ಳೆ, ಕಾಲು ಭಾಗ ಆಯ್ತಾ?” ಎಂದು ಮಾವ ಪ್ರತಿ ಹಬ್ಬಕ್ಕೂ ಕೇಳುತ್ತಿದ್ದರು. “ಇದು ಮುದಿಯಾಗ್ತಾ ಇದೆ. ಸಾಮಿಗೆ ಹಲ್ಲು ನೋಯುತ್ತೆ.”

ಕೊನೆಗೆ ನಾನು ಲೆಕ್ಕ ಹಾಕಿದೆ. ಇಪ್ಪತ್ತು ವರ್ಷದ ಸಾಲ. ಐದು ವರ್ಷ ತುಂಬುತ್ತಾ ಬಂತು. ಇಪ್ಪತ್ತರಲ್ಲಿ ಐದು ಎಂದರೆ ಎಷ್ಟು ಭಾಗ? ಇದನ್ನು ಮೂರನೇ ಕ್ಲಾಸಿನ ಮಗುವೂ ಹೇಳುತ್ತದೆ. ಚಕ್ರಬಡ್ಡಿಯ ಪಾಠ ಬರುವುದು ಆಮೇಲಿನ ಕ್ಲಾಸಿನಲ್ಲಿ. ನಾನು ಆ ದಿನ ಮೂರನೇ ಕ್ಲಾಸಿನಲ್ಲೇ ನಿಂತುಬಿಟ್ಟೆ.

“ಆಯ್ತು ಮಾವ! ಕಾಲು ಭಾಗ ಆಯ್ತು!”

ಮಾವನ ಸಂಭ್ರಮ ಹೇಳತೀರದು. ಫೋನ್ ಹಿಡಿದು ತಿರುಪ್ಪೂರು, ಅವಿನಾಶಿ, ಪೊಳ್ಳಾಚಿ ಎಂದು ನೆಂಟರನ್ನೆಲ್ಲ ಕರೆದರು. ಕರೆಯುವಾಗಲೆಲ್ಲ, “ನನ್ನ ಮಾಪ್ಳೆ ಗಣಿತ ವಾದ್ಯಾರ್. ಎಲ್ಲಾರಿಗೂ ವಟ್ಟಿ ಏರಿತು, ಅವರಿಗೆ ಏರಲಿಲ್ಲ!” ಎನ್ನುವುದನ್ನು ಬಿಡಲಿಲ್ಲ. ಹದಿನೆಂಟು ಪರ್ಸೆಂಟಿನ ತಮ್ಮ ಕಥೆಯನ್ನೂ ಪಕ್ಕಕ್ಕಿಟ್ಟು ನನ್ನ ಕಥೆ ಹೇಳತೊಡಗಿದರು. ಒಬ್ಬ ಮಾವ ಅಳಿಯನಿಗೆ ಇದಕ್ಕಿಂತ ಹೆಚ್ಚಿನ ಸನ್ಮಾನ ಮಾಡಲಾರ. ನಾನು ಪೂರ್ತಿ ಉಬ್ಬಿಹೋದೆ.

ಉಬ್ಬಿದ್ದರಿಂದಲೇ ಕೆಟ್ಟದ್ದು. ಹರಕೆಯ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಸುಮ್ಮನೆ ಮನೆಯಲ್ಲಿ ಇರದೆ ನಾನು ಬ್ಯಾಂಕಿಗೆ ಹೋದೆ. ಕಾಲು ಭಾಗ ತೀರಿದೆ ಎಂದು ಸೀಲು ಹಾಕಿಸಿಕೊಂಡು ಬಂದು ದೇವರ ಮುಂದಿಡೋಣ ಎಂದು. ನೆಂಟರೂ ನೋಡಿದ ಹಾಗಾಗುತ್ತದಲ್ಲ!

ಸಾಲದ ವಿಭಾಗದಲ್ಲಿದ್ದ ಅಧಿಕಾರಿ ವಯಸ್ಸಿನಲ್ಲಿ ಚಿಕ್ಕವರು, ನಗುಮುಖದ ಹೆಣ್ಣುಮಗಳು. ತಮಿಳಿನಲ್ಲಿ ನನ್ನ ಬೇಡಿಕೆ ಹೇಳಿದೆ.

“ದೇವರ ಮುಂದಿಡೋದಕ್ಕಾ ಸರ್?”

“ಹೌದು. ನಾಳೆ ಹೋತ ಕಡೀತಾರೆ.”

ಅವರು ನಗುತ್ತಾ ಕಂಪ್ಯೂಟರ್ ನೋಡಿದರು. ನಗು ನಿಧಾನಕ್ಕೆ ಇಳಿಯಿತು. ಇನ್ನೊಮ್ಮೆ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ನೀರಿನ ಬಾಟಲಿಯನ್ನು ನನ್ನ ಕಡೆ ತಳ್ಳಿ, “ಮೊದಲು ಸ್ವಲ್ಪ ನೀರು ಕುಡೀರಿ ಸರ್,” ಎಂದರು. ಬ್ಯಾಂಕಿನಲ್ಲಿ ಕೇಳದೆ ನೀರು ಕೊಟ್ಟರೆ ಎದ್ದು ಓಡಬೇಕು. ನನಗೆ ಗೊತ್ತಿರಲಿಲ್ಲ, ಕುಡಿದೆ.

“ಸರ್, ಕಾಲು ಭಾಗ ಆಗಿಲ್ಲ.”

“ಹೋಗಲಿ, ಕಾಲಿಗೆ ಸ್ವಲ್ಪ ಕಡಿಮೆಯಾ?”

“ಅಸಲು ಹೆಚ್ಚುಕಡಿಮೆ ಇದ್ದಲ್ಲೇ ಇದೆ ಸರ್. ಚೂರು ಅಲುಗಾಡಿದೆ.”

“ಅಲುಗಾಡಿದೆಯಾ!” ಎಂದೆ. “ನಾನು ಇಷ್ಟು ವರ್ಷ ಕಟ್ಟಿದ್ದು?”

“ಬಡ್ಡಿಗೇ ಸರಿಹೋಯ್ತು.”

“ಆದರೆ ನನ್ನ ಇಎಂಐ ಏರಲೇ ಇಲ್ಲವಲ್ಲ!”

“ಅದಕ್ಕೇ ಸರ್. ಬಡ್ಡಿ ಏರಿದಾಗ ಇಎಂಐ ಏರಿಸಬೇಕು, ಇಲ್ಲಾಂದ್ರೆ ವರ್ಷ ಏರಿಸಬೇಕು. ನಿಮ್ಮಿಂದ ಉತ್ತರ ಬರಲಿಲ್ಲ, ವರ್ಷ ಏರಿಸಿದೆವು.”

“ಯಾರ ವರ್ಷ?”

“ನಿಮ್ಮದೇ ಸರ್.”

ಸಾಲ ಯಾವಾಗ ಮುಗಿಯುತ್ತದೆ ಎಂದು ಕೇಳಿದೆ. ನನಗೆ ಎಪ್ಪತ್ತು ತುಂಬುವಾಗ ಎಂದರು. “ಎಪ್ಪತ್ತಕ್ಕಿಂತ ಮುಂದೆ ನಮ್ಮ ರೂಲ್ಸ್ ಬಿಡಲ್ಲ, ಇಲ್ಲದಿದ್ದರೆ ಇನ್ನೂ ಎಳೀತಿತ್ತು. ಅದಕ್ಕೇ ಮುಂದಿನ ತಿಂಗಳಿಂದ ಇಎಂಐ ಕೂಡ ಏರುತ್ತೆ ಸರ್,” ಎಂದು ಸಮಾಧಾನವನ್ನೂ ಹೇಳಿದರು. ನನ್ನ ಕಾಲೇಜು ನನ್ನನ್ನು ಐವತ್ತೆಂಟಕ್ಕೆ ಮನೆಗೆ ಕಳಿಸುತ್ತದೆ. ಪಿಂಚಣಿ ಎಂಬುದಿಲ್ಲ. ಐವತ್ತೆಂಟರಿಂದ ಎಪ್ಪತ್ತರವರೆಗೆ ನಾನು ಏನು ಮಾರಿ ಕಟ್ಟಲಿ? ಉಯ್ಯಾಲೆಯನ್ನೇ?

“ನನಗೆ ಯಾರೂ ಹೇಳಲಿಲ್ಲವಲ್ಲ!”

“ಪ್ರತಿ ಸಲ ಮೆಸೇಜ್ ಕಳಿಸಿದ್ದೆವು ಸರ್.”

ಕಳಿಸಿದ್ದರು. ‘ಪ್ರಿಯ ಗ್ರಾಹಕರೇ’ ಎಂದು ಶುರುವಾಗುವುದನ್ನೆಲ್ಲ ನಾನು ಜಾಹೀರಾತು ಎಂದು ಓದದೆ ಅಳಿಸುತ್ತಿದ್ದೆ. ನಿಜವಾಗಿ ಪ್ರೀತಿ ಇರುವವರು ಹಾಗೆ ಶುರುಮಾಡುವುದಿಲ್ಲ ಎಂಬುದು ನನ್ನ ಅನುಭವ.

ಹೊರಗೆ ಬಂದವನಿಗೆ ಚಪ್ಪಲಿ ಎಲ್ಲಿ ಬಿಟ್ಟೆ ಎಂದು ಹುಡುಕುವಂತಾಯಿತು. ಬ್ಯಾಂಕಿನಲ್ಲಿ ಚಪ್ಪಲಿ ಬಿಡುವ ಪದ್ಧತಿಯೇ ಇಲ್ಲ, ಅದು ಕಾಲಿನಲ್ಲೇ ಇತ್ತು! ಕೋಮಲಾಳಿಗೆ ಹೇಳಿಬಿಡೋಣ ಎಂದು ಮನೆಗೆ ಬಂದೆ. ಅವಳು ಆಗಲೇ ತವರಿಗೆ ಹೊರಟು ಬ್ಯಾಗು ಹಿಡಿದು ನಿಂತಿದ್ದಳು. ಮುಖದಲ್ಲಿ ಎಷ್ಟೋ ದಿನದಿಂದ ಕಾಣದ ಗೆಲುವು. “ನನಗೇ ಅನುಮಾನ ಇತ್ತು ನೋಡಿ. ನೀವು ಹೇಳಿದ್ದೇ ಸರಿಯಾಯ್ತು,” ಎಂದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳ ಬಾಯಿಂದ ಈ ಮಾತು ಬಂದದ್ದು ಅದೇ ಮೊದಲು. ನಾನು ಅವಳ ಕೈಯಿಂದ ಬ್ಯಾಗು ತೆಗೆದುಕೊಂಡು ಮುಂದೆ ನಡೆದೆ.

ತೊಂಡಾಮುತ್ತೂರಿಗೆ ಹೋದ ಮೇಲೆ ಮಾವನಿಗಾದರೂ ಹೇಳೋಣ ಎಂದು ಹತ್ತಿರ ಹೋದೆ. ಅವರು ಚಪ್ಪರದ ಕಂಬ ನೆಡಿಸುತ್ತಾ, ತಿರುಪ್ಪೂರಿನಿಂದ ಬಂದ ತಮ್ಮ ಅಕ್ಕನಿಗೆ ನನ್ನನ್ನೇ ತೋರಿಸಿ ಹೊಗಳುತ್ತಿದ್ದರು. ಅಂಥವರನ್ನು ನಿಲ್ಲಿಸುವ ಧೈರ್ಯ ಯಾರಿಗಿದೆ? ಕೊನೆಗೆ ಕೊಟ್ಟಿಗೆಗೆ ಹೋಗಿ ಜಾಮೀನಿನ ಮುಂದೆ ಕುಳಿತೆ. ಅದು ನನ್ನನ್ನು ಒಮ್ಮೆ ನೋಡಿ, ನನ್ನ ಜೇಬಿನಿಂದ ಬ್ಯಾಂಕಿನ ಟೋಕನ್ ಚೀಟಿಯನ್ನು ಎಳೆದು ತಿಂದಿತು. ಆ ಮನೆಯಲ್ಲಿ ನನ್ನ ಸಂಕಟದಲ್ಲಿ ಪಾಲು ತೆಗೆದುಕೊಂಡದ್ದು ಅದೊಂದೇ.

ಭಾನುವಾರ ಬೆಳಿಗ್ಗೆ ಬೇವಿನ ಮರದಡಿ ಕರುಪ್ಪರಾಯನ ಮುಂದೆ ಎಲ್ಲರೂ ಸೇರಿದರು. ಆ ಕಡೆ ಒಂದು ಕಟ್ಟಳೆಯಿದೆ. ಹರಕೆಯ ಹೋತದ ಮೈಮೇಲೆ ಪೂಸಾರಿ ಅರಿಶಿನ ನೀರು ಹೊಯ್ಯುತ್ತಾನೆ. ಅದು ಮೈ ಕೊಡವಿದರೆ ದೇವರು ಒಪ್ಪಿದ ಎಂದು ಅರ್ಥ. ಕೊಡವದಿದ್ದರೆ ಕಡಿಯುವ ಹಾಗಿಲ್ಲ. ದೇವರಿಗೆ ಒಪ್ಪಿಗೆಯಿಲ್ಲ, ಎಲ್ಲೋ ಏನೋ ತಪ್ಪಾಗಿದೆ ಎಂದು ತಿಳಿಯಬೇಕು.

ಪೂಸಾರಿ ನೀರು ಹೊಯ್ದ. ಜಾಮೀನು ಕೊರಳಿನ ಹೂವಿನ ಹಾರವನ್ನು ಎಳೆದುಕೊಂಡು ಮೆಲ್ಲತೊಡಗಿತು.

ಇನ್ನೊಂದು ಚೊಂಬು ಹೊಯ್ದ. ಕಿವಿಯೂ ಅಲ್ಲಾಡಲಿಲ್ಲ. ನನ್ನ ಅಸಲಿನ ಹಾಗೆ ನಿಂತಲ್ಲೇ ನಿಂತಿತ್ತು!

“ಏನೋ ಕುರೈ ಇದೆ, ಕೊರತೆ ಇದೆ,” ಎಂದ ಪೂಸಾರಿ ತಮಿಳಿನಲ್ಲಿ. “ಯಾರ ಮನಸ್ಸಿನಲ್ಲಿ ಏನಿದೆಯೋ ಹೇಳಿಬಿಡಿ. ಸಾಮಿ ಕಾಯುತ್ತಿದೆ.”

ಮೊದಲು ಮಾವನ ತಮ್ಮ ಗಂಟಲು ಸರಿಮಾಡಿಕೊಂಡರು. “ಅಣ್ಣಾ, ಹೋದ ಬೇಸಿಗೇಲಿ ಬಾವಿ ನೀರಿನ ನಿನ್ನ ಸರದಿ ದಿವಸ, ನೀನು ಊರಲ್ಲಿಲ್ಲ ಅಂತ ನಾನೇ ಮೋಟಾರ್ ಹಾಕ್ಕೊಂಡೆ.” ಮಾವ ಬೆಚ್ಚಿಬಿದ್ದರು. ನೀರು ಹೊಯ್ದರು. ಜಾಮೀನು ಅಲುಗಲಿಲ್ಲ.

ಆಮೇಲೆ ಮಾವನ ತಿರುಪ್ಪೂರಿನ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಕೋಮಲಾ ಕಣ್ಣು, ಮನೆ ಹಾಲು ಕಾಯಿಸಿದ ದಿನ ನಿನಗೆ ಕೊಟ್ಟ ಪಟ್ಟು ಸೀರೆ… ಅದು ಪಟ್ಟಲ್ಲ, ರೇಷ್ಮೆಯೇ ಅಲ್ಲ,” ಎಂದರು. ಕೋಮಲಾ, “ಗೊತ್ತು ಅತ್ತೆ,” ಎಂದಳು. ನೀರು ಹೊಯ್ದರು. ಜಾಮೀನು ಹಾರ ಮುಗಿಸಿ ಪೂಸಾರಿಯ ಪಂಚೆಯ ತುದಿಗೆ ಬಾಯಿ ಹಾಕಿತು.

ಜನ ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಎಲ್ಲರ ಗುಟ್ಟೂ ಗಂಟಲ ತನಕ ಬಂದು ನಿಂತಿತ್ತು. ಇನ್ನು ಎರಡು ಚೊಂಬು ನೀರು ಹೊಯ್ದಿದ್ದರೆ ಆ ವಂಶದಲ್ಲಿ ಯಾರೂ ಯಾರ ಮನೆಗೂ ಹೋಗುವ ಹಾಗಿರಲಿಲ್ಲ. ಅಷ್ಟರಲ್ಲಿ ಜಾಮೀನು ತಲೆ ತಿರುಗಿಸಿ ನೇರವಾಗಿ ನನ್ನನ್ನು ನೋಡಿತು. ನನ್ನ ಟೋಕನ್ ತಿಂದ ಪ್ರಾಣಿ! ಅದಕ್ಕೆಲ್ಲ ಗೊತ್ತಿತ್ತು!

“ನಾನು!” ಎಂದು ಕೂಗಿಬಿಟ್ಟೆ. “ಮಾವ, ಸಾಲ ಕಾಲು ಭಾಗ ತೀರಿಲ್ಲ. ಏನೂ ತೀರಿಲ್ಲ. ಕಟ್ಟಿದ್ದೆಲ್ಲ ಬಡ್ಡಿಗೆ ಹೋಯ್ತು. ಇಎಂಐ ಏರಿಸೋ ಬದಲು ಬ್ಯಾಂಕಿನವರು ನನ್ನ ವರ್ಷ ಏರಿಸಿಬಿಟ್ಟಿದ್ದಾರೆ. ಎಪ್ಪತ್ತು ವಯಸ್ಸಿನವರೆಗೂ ಕಟ್ಟಬೇಕಂತೆ. ನನಗೆ ನಿನ್ನೆ ಗೊತ್ತಾಯ್ತು. ಹೇಳಕ್ಕೆ ನಾಚಿಕೆಯಾಯ್ತು.”

ಕೂಡಲೇ ಜಾಮೀನು ನಾಲ್ಕೂ ಕಾಲು ಊರಿ, ಕೊಂಬಿನಿಂದ ಬಾಲದ ತನಕ, ಮೈಯನ್ನು ಪಟಪಟನೆ ಕೊಡವಿತು! ಅರಿಶಿನ ನೀರೆಲ್ಲ ಸಿಡಿದು ನನ್ನ ಹೊಸ ಬಿಳಿ ಪಂಚೆಯ ಮೇಲೆ ಬಿತ್ತು.

“ಅಪ್ಪಣೆ ಕೊಟ್ಟಿತು! ಸಾಮಿ ಒಪ್ಪಿತು!” ಎಂದು ಪೂಸಾರಿ ಕೂಗಿದ. ಅಡುಗೆಯವರು ಪಾತ್ರೆ ಸರಿಮಾಡಿಕೊಂಡರು. ಕತ್ತಿ ಹಿಡಿದವನು ಮುಂದೆ ಬಂದ.

“ನಿಲ್ಲಿ!” ಎಂದರು ಮಾವ.

“ಸಾಮಿನೇ ಒಪ್ಪಿದ ಮೇಲೆ ಏನು?”

“ಸಾಮಿ ಒಪ್ಪಿದರೆ ಆಯ್ತಾ? ನಾನು ಹೇಳಿದ್ದೇನು? ಕಾಲು ಭಾಗ ತೀರಿದ ದಿನ ಅಂತ. ತೀರಿಲ್ಲವಲ್ಲ! ಸಾಮಿಗೆ ಅಡ್ವಾನ್ಸ್ ಕೊಡೋ ಪಳಕ್ಕ ನಮ್ಮ ಮನೇಲಿ ಇಲ್ಲ!”

ದೇವರ ಒಪ್ಪಿಗೆಯಿದೆ, ಸಾಲದ ಒಪ್ಪಿಗೆಯಿಲ್ಲ. ದೊಡ್ಡ ಧರ್ಮಸಂಕಟ! ಮಾವನ ಮುಖ ಕೆಂಪಾಗಿತ್ತು. ನೆಂಟರ ಮುಂದೆ ಮಾನ ಹೋದ ಸಂಕಟ ಪೂರ್ತಿ ನನ್ನ ಕಡೆ ತಿರುಗಿತು. “ನಾನು ಹದಿನೆಂಟು ಪರ್ಸೆಂಟ್ ವಟ್ಟಿಯನ್ನು ಒಬ್ಬನೇ ನಿಂತು ಕಟ್ಟಿದವನು! ಏಳು ಪರ್ಸೆಂಟಿಗೆ ನನ್ನ ಮಾಪ್ಳೆ ಹೀಗೆ ಬಿದ್ದುಹೋಗೋದಾ!”

ನಾನು ಪಂಚೆಯ ಮೇಲಿನ ಅರಿಶಿನದ ಕಲೆಯನ್ನು ಉಜ್ಜತೊಡಗಿದೆ.

“ಕೋಮಲಾ ಅಪ್ಪಾ,” ಎಂಬ ದನಿ ಕೇಳಿತು. ಅತ್ತೆ! ಎಂದೂ ಮಾತಾಡದ ಪಳನಿಯಮ್ಮನವರು ನೀರಿನ ಚೊಂಬನ್ನು ಕೈಗೆ ತೆಗೆದುಕೊಂಡು ಜಾಮೀನಿನ ಪಕ್ಕ ನಿಂತಿದ್ದರು. “ಇಲ್ಲಿ ಕೆಡಾ ನಿಂತಿದೆ. ಇದರ ಮುಖ ನೋಡಿ ಹೇಳಿ. ಯಾರು ಕಟ್ಟಿದ್ದು?”

ಮಾವ ಕೆಡಾದ ಮುಖ ನೋಡಿದರು.

“ಕಂತು ನಿಂತುಹೋಗಿ ಬ್ಯಾಂಕಿನ ಆಳು ಬಂದು ಬಾಗಿಲಲ್ಲಿ ನಿಂತಾಗ ಇವರು ಬಾಳೆತೋಟದೊಳಗೆ ಹೋಗಿ ಕೂತಿದ್ದರು,” ಎಂದರು ಅತ್ತೆ, ಎಲ್ಲರಿಗೂ ಕೇಳುವ ಹಾಗೆ. “ನಮ್ಮಮ್ಮ ಹಾಕಿದ ಕಾಸುಮಾಲೆ ಹೋಯ್ತು. ಕರೆಯೋ ಎಮ್ಮೆ ಹೋಯ್ತು. ಅದರಲ್ಲಿ ತೀರಿತು ಕಡನು. ನಾನು ಒಂದು ದಿನ ಬಾಯಿಬಿಟ್ಟಿದ್ದೀನಾ? ಅಪ್ಪುರಂ ಇನ್ನೊಂದು ಮಾತು, ವಟ್ಟಿ ಹದಿನೆಂಟಲ್ಲ. ಹದಿಮೂರು!”

ಚೊಂಬಿನ ನೀರು ಹೊಯ್ದರು. ಜಾಮೀನು ಮತ್ತೆ ಮೈ ಕೊಡವಿತು. ಮೊದಲಿಗಿಂತ ಜೋರಾಗಿ!

ಮಾವ ಮರದ ಬುಡದಲ್ಲಿ ಕುಸಿದು ಕುಳಿತರು. ನಾನೂ ಹೋಗಿ ಪಕ್ಕದಲ್ಲಿ ಕುಳಿತೆ. ಆಮೇಲೆ ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ಮೆಲ್ಲಗೆ, “ಆ ಆಳು ಬಂದ ದಿನ ನನಗೂ ಹೀಗೇ ಕೈಕಾಲು ಆಡಲಿಲ್ಲ ಮಾಪ್ಳೆ,” ಎಂದರು. ಆ ಕ್ಷಣ ಅವರ ಮೇಲೆ ನನಗೆ ಬಂದ ಪ್ರೀತಿ ಅಷ್ಟಿಷ್ಟಲ್ಲ. ಇಷ್ಟು ವರ್ಷ ಬಡ್ಡಿ ದರ ಹೇಳಿ ಹೇಳಿ ಅವರು ಮುಚ್ಚಿಟ್ಟಿದ್ದು ಈ ಭಯವನ್ನು. ನಾನು ಮುಚ್ಚಿಡಬೇಕೆಂದಿದ್ದೂ ಅದನ್ನೇ.

ಹೋತಕ್ಕೆಂದು ಅರೆದ ಮಸಾಲೆ ಬೋಗುಣಿಯಲ್ಲಿ ಕಾದು ಕುಳಿತಿತ್ತು. ಅದನ್ನು ಬಾಳೆಕಾಯಿಗೆ ಹಾಕಿ ಕುದಿಸಿದರು. ಪೊಳ್ಳಾಚಿಯಿಂದ ಎರಡು ಬಸ್ಸು ಬದಲಿಸಿ ಮಾಂಸದೂಟಕ್ಕೆ ಬಂದವರು ಬಾಳೆಕಾಯಿ ಜಗಿಯುತ್ತಾ ನನ್ನ ಕಡೆ ನೋಡಿದ ನೋಟವನ್ನು ನಾನು ಸಾಯುವವರೆಗೆ ಮರೆಯಲಾರೆ. ಅಂದರೆ, ಸಾಲ ತೀರುವವರೆಗೆ.

ಸಂಜೆ ನಮ್ಮ ಮನೆಗೆ ಮರಳಿದೆವು. ಬಾಗಿಲು ತೆಗೆದು ಒಳಗೆ ಬಂದ ಕೋಮಲಾ ಉಯ್ಯಾಲೆಯನ್ನು ಒಂದು ಸಲ ಸುತ್ತಿ ನೋಡಿ, “ಏನುಂಗ, ಇದು ಎಷ್ಟಕ್ಕೆ ಹೋಗಬಹುದು?” ಎಂದಳು.

“ನಿನಗೆ ಕೋಪ ಬಂದಿದೆ.”

“ಬಂದಿದೆ. ಕಡನು ಏರಿದ್ದಕ್ಕಲ್ಲ. ನಾನು ಸಂಪಾದಿಸಿದ್ದನ್ನು ನನ್ನ ಮನೆಗೆ ಹಾಕ್ತೀನಿ ಅಂದಾಗ, ‘ನಾನು ಏನು ಪಾಠ ಮಾಡ್ತೀನಿ?’ ಅಂತ ಕೇಳಿದ್ರಲ್ಲ, ಅದಕ್ಕೆ.”

ಇನ್ನು ಮೇಲೆ ಬ್ಯಾಂಕಿನ ವ್ಯವಹಾರ ನಿನ್ನದೇ ಎಂದು ಕೈಮುಗಿದೆ. ಅವಳು ಸೋಮವಾರವೇ ರಜೆ ಹಾಕಿ ಬ್ಯಾಂಕಿಗೆ ಹೋದಳು. ದರ ಸ್ವಲ್ಪ ಇಳಿಸುವಂತೆ ವಾದಿಸಿದಳು, ಇಳಿಸಿದರು! ಕೇಳಿದವರಿಗೆ ಇಳಿಸುತ್ತಾರಂತೆ. ಉಯ್ಯಾಲೆಯನ್ನು ಎದುರು ಮನೆಯ ಗುಣಶೇಖರನ್ ಅರ್ಧ ಬೆಲೆಗೆ ಕೊಂಡ. ನನ್ನ ಭಾಷಣ ಕೇಳಿದ ಮೇಲೆ ಅದಕ್ಕೆ ತದ್ವಿರುದ್ಧ ಮಾಡಿ, ತಾನಾಗಿಯೇ ಇಎಂಐ ಏರಿಸಿಕೊಂಡು, ಈಗ ಅವನು ನೆಮ್ಮದಿಯಾಗಿದ್ದಾನೆ. ದಿನಾ ಸಂಜೆ ನನ್ನ ಉಯ್ಯಾಲೆಯ ಸದ್ದು ಗೋಡೆಯಾಚೆಯಿಂದ ಕೇಳಿಸುತ್ತದೆ.

ಕೋಮಲಾಳ ಬೋನಸ್ಸು, ಉಯ್ಯಾಲೆಯ ದುಡ್ಡು, ನನ್ನ ಟ್ಯೂಷನ್ ಎಲ್ಲ ಸೇರಿ ಎಪ್ಪತ್ತು ಎನ್ನುವುದು ಅರವತ್ತೊಂದಕ್ಕೆ ಇಳಿದಿದೆ. ಕಾಲು ಭಾಗ ಮಾತ್ರ ಇನ್ನೂ ದೂರ. ಬಡ್ಡಿ ಏರಿದ್ದರಿಂದ ಈ ದೇಶದಲ್ಲಿ ಉದ್ಧಾರವಾದ ಪ್ರಾಣಿ ಒಂದೇ, ಜಾಮೀನು. ಅದು ತೊಂಡಾಮುತ್ತೂರಿನಲ್ಲಿ ಕರಿಬೇವು ಮೇಯುತ್ತಾ ದಿವ್ಯವಾಗಿದೆ. ಅದು ಎದುರಿಗಿದ್ದಾಗ ಮಾವ ಬಡ್ಡಿಯ ಕಥೆ ತೆಗೆಯುವುದಿಲ್ಲ.

ಈಗ ನನ್ನ ತಲೆಯ ಮೇಲೆ ಯಾರೂ ಅರಿಶಿನ ನೀರು ಹೊಯ್ಯಬೇಕಾಗಿಲ್ಲ. ಐದನೇ ತಾರೀಕು ‘ಪ್ರಿಯ ಗ್ರಾಹಕರೇ’ ಎಂದು ಮೊಬೈಲು ಸದ್ದು ಮಾಡಿದರೆ ಸಾಕು, ತಲೆಯಿಂದ ಕಾಲಿನ ತನಕ ನಾನೇ ಮೈ ಕೊಡವುತ್ತೇನೆ!